ಸಾಕವ್ವನ ಹುಂಜ ಯಾವ ತಳಿ?

ದೇವನೂರು ಮಹಾದೇವರ ‘ಒಡಲಾಳ’ ಓದಿದವರಿಗೆ ಸಾಕವ್ವನ ಹುಂಜ ನೆನಪಿದ್ದೇ ಇರುತ್ತೆ. ಹುಂಜ ಕಾಣೆಯಾಗಿದೆ, ಮುದುಕಿ ಅದನ್ನ ಹುಡುಕ್ಕೊಂಡು ಹೊರಟಿದ್ದಾಳೆ. ಆಮೇಲೆ ಕಥೆಯೊಳಕ್ಕೆ ಕದ್ದ ಕಡಲೇಕಾಯಿ ಬರುತ್ತೆ, ಇಡೀ ಮನೆ ಕೂತು ಅದನ್ನ ತಿನ್ನೋ ರಾತ್ರಿ ಬರುತ್ತೆ, ಪೊಲೀಸರು ಬರ್ತಾರೆ, ಮನೆ ಹುಡುಗಿ ಗೋಡೆ ಮೇಲೆ ಬರೆದ ನವಿಲು ಬರುತ್ತೆ. ಈ ಕಥೆ ಬಗ್ಗೆ ಮಾತಾಡೋವಾಗ ನಾವು ಹಸಿವಿನ ಬಗ್ಗೆ ಮಾತಾಡ್ತೀವಿ, ಪೊಲೀಸರ ಬಗ್ಗೆ, ನವಿಲಿನ ಬಗ್ಗೆ ಮಾತಾಡ್ತೀವಿ. ಹುಂಜದ ಪಾಲಿಗೆ ಉಳಿಯೋದು ಒಂದೇ ಮಾತು: ಅದು ‘ಪ್ರತಿಮೆ’. ಬಡವರ ಕೈಗೆ ಸಿಗದೆ ಜಾರಿಹೋಗೋ ಎಲ್ಲದರ ಪ್ರತಿಮೆ.

ನನ್ನ ತಕರಾರು ಸಣ್ಣದು. ಹುಂಜ ಪ್ರತಿಮೆ ಆಗೋಕೆ ಮುಂಚೆ ಹುಂಜ. ಅದು ಕಳೆದರೆ ಸಾಕವ್ವನಿಗೆ ನಿಜವಾಗಿ ಏನು ನಷ್ಟ ಆಗುತ್ತೆ ಅನ್ನೋ ಲೆಕ್ಕ ಹಾಕದೆ ಪ್ರತಿಮೆಗೆ ಹಾರಿದರೆ ಕಥೆಯ ಅರ್ಧ ತೂಕ ಕೈಬಿಟ್ಟ ಹಾಗೆ. ನಾನು ಸಾಹಿತ್ಯ ಓದಿದವನಲ್ಲ. ಬಿಇ ಮಾಡಿ ಬೆಂಗಳೂರಲ್ಲಿ ಕೋಡ್ ಬರೆಯೋನು. ಆದರೆ ನಂಜನಗೂಡು ತಾಲ್ಲೂಕಿನ ದೇವನೂರಿನ ಆಸುಪಾಸಲ್ಲೇ ಬೆಳೆದವನು, ನಮ್ಮವ್ವ ಈಗಲೂ ಕೋಳಿ ಸಾಕ್ತಾಳೆ. ಹಾಗಾಗಿ ಆ ಲೆಕ್ಕ ನನಗೆ ಹಾಕೋಕೆ ಬರುತ್ತೆ.

ಪೇಟೆಯವರು ಕೋಳಿ ಕಳೀತು ಅಂದ್ರೆ ಒಂದು ಊಟ ಹೋಯ್ತು ಅಂದ್ಕೋತಾರೆ. ಹ್ಯಾಟೆ ಕಳೆದರೆ ಆ ಹ್ಯಾಟೆಯ ಮೊಟ್ಟೆ ಹೋಯ್ತು ಅನ್ನಬಹುದು. ಹುಂಜದ ಲೆಕ್ಕ ಬೇರೆ. ಆ ಮನೆಯಲ್ಲಿ ಮುಂದೆ ಹುಟ್ಟೋ ಪ್ರತಿ ಮರಿಯ ಅರ್ಧ ರಕ್ತ ಆ ಒಂದು ಹುಂಜದ್ದು. ಸ್ಯೂಯಲ್ ರೈಟ್ ಅನ್ನೋ ಅಮೆರಿಕದ ತಳಿವಿಜ್ಞಾನಿಯ ಹೆಸರಲ್ಲಿ ಒಂದು ಸೂತ್ರ ಇದೆ: ಗಂಡುಗಳ ಸಂಖ್ಯೆ, ಹೆಣ್ಣುಗಳ ಸಂಖ್ಯೆ ಎರಡನ್ನೂ ಗುಣಿಸಿ, ಅದನ್ನ ನಾಲ್ಕು ಪಟ್ಟು ಮಾಡಿ, ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. 1 ಹುಂಜ, 10 ಹ್ಯಾಟೆ ಇದ್ದರೆ ಕಣ್ಣಿಗೆ ಕಾಣೋದು 11 ಕೋಳಿ, ತಳಿಯ ಲೆಕ್ಕದಲ್ಲಿ ಅದು ಸುಮಾರು 3.6 ಅಷ್ಟೇ. ಹ್ಯಾಟೆಗಳನ್ನ ನೂರು ಮಾಡಿ, ಸಾವಿರ ಮಾಡಿ, ಹುಂಜ ಒಂದೇ ಇರೋವರೆಗೆ ಆ ಸಂಖ್ಯೆ 4 ದಾಟೋದಿಲ್ಲ. ಇನ್ನೊಂದೇ ಒಂದು ಹುಂಜ ಸೇರಿಸಿ, 10 ಹ್ಯಾಟೆಗೇ ಅದು 6.6 ದಾಟುತ್ತೆ.

ಇನ್ನೊಂದು ವಿಷಯ. ಹುಂಜ ಹೋದ ತಕ್ಷಣ ಮರಿ ನಿಲ್ಲೋದಿಲ್ಲ. ಹ್ಯಾಟೆಯ ಹೊಟ್ಟೆಯಲ್ಲಿ ಹುಂಜದ ಬೀಜ ಹತ್ತು ಹದಿನೈದು ದಿನ ಉಳಿಯುತ್ತೆ, ಅಷ್ಟು ದಿನ ಇಟ್ಟ ಮೊಟ್ಟೆ ಮರಿಯಾಗಬಹುದು. ಆಮೇಲೆ ಇಕ್ಕೋದೆಲ್ಲ ಬರೀ ತಿನ್ನೋ ಮೊಟ್ಟೆ. ಸಾಕವ್ವನ ಅವಸರಕ್ಕೆ ಇದನ್ನೂ ಸೇರಿಸಿಕೊಂಡು ಓದಿ. ಅವಳು ಒಂದು ಕೋಳಿ ಹುಡುಕ್ತಿಲ್ಲ, ಮುಂದಿನ ವರ್ಷದ ಕೋಳಿಗಳನ್ನ ಹುಡುಕ್ತಿದ್ದಾಳೆ. ಊರೊಳಗೆಲ್ಲ ಹುಡುಕಬೇಕಾಗಿರೋದಕ್ಕೂ ಕಾರಣ ಇದೆ. ನಮ್ಮ ಕೋಳಿಗಳು ಬೇಲಿ ನೋಡೋದಿಲ್ಲ. ಯಾರ ಮನೆ ಹುಂಜ ಯಾರ ಮನೆ ಹಿತ್ತಿಲಲ್ಲಿ ಇರುತ್ತೋ ಹೇಳೋಕಾಗಲ್ಲ. ಒಂದು ಊರಿನ ಕೋಳಿಗಳೆಲ್ಲ ಸೇರಿ ಒಂದೇ ಹಿಂಡು.

ಸರಿ, ಆ ಹುಂಜ ಯಾವ ತಳಿ? ನಾಟಿ. ಅದಕ್ಕಿಂತ ಹೆಚ್ಚು ಹೇಳೋಕೆ ನಮ್ಮ ಹತ್ತಿರ ಪದವೇ ಇಲ್ಲ. ನನಗೆ ವಿಚಿತ್ರ ಅನ್ನಿಸೋದು ಇದೇ. ನಮ್ಮ ಸೀಮೆಯಲ್ಲಿ ದನಕ್ಕೆ ಹೆಸರಿದೆ, ಹಳ್ಳಿಕಾರ್. ಅರಮನೆಯವರು ಸಾಕಿದ್ದಕ್ಕೆ ಅಮೃತಮಹಲ್ ಅಂತ ಇನ್ನೂ ದೊಡ್ಡ ಹೆಸರು. ಪಕ್ಕದ ತಿ. ನರಸೀಪುರ ತಾಲ್ಲೂಕಿನ ಬನ್ನೂರಿನ ಹೆಸರಲ್ಲಿ ಕುರಿ ಇದೆ. ನಂಜನಗೂಡಿನ ರಸಬಾಳೆಗೆ ಜಿಐ ಟ್ಯಾಗೂ ಸಿಕ್ಕಿದೆ. ಕೋಳಿಗೆ ಮಾತ್ರ ‘ನಾಟಿ’, ಅಂದ್ರೆ ‘ಇಲ್ಲಿದು’, ಅಷ್ಟೇ. ದನ ಅರಮನೆಯದು, ಉಳೋ ಗಂಡಸಿನದು. ಕುರಿ ಸಂತೆಯದು. ಕೋಳಿ ಹಿತ್ತಿಲ ಹೆಂಗಸಿನದು, ಅದರಲ್ಲೂ ಬೇರೆ ಆಸ್ತಿ ಇಲ್ಲದವಳದು. ಹೆಸರಿಡೋ ಅಧಿಕಾರ ಯಾವತ್ತೂ ಅವಳ ಕೈಯಲ್ಲಿ ಇರಲಿಲ್ಲ.

ಹೆಸರಿಲ್ಲ ಅಂತ ತಳಿ ಮಾಡೋ ಕೆಲಸ ನಡೆದಿಲ್ಲ ಅಂತಲ್ಲ. ನಮ್ಮವ್ವ ಕಾವಿಗೆ ಕೂರಿಸೋವಾಗ ಸಿಕ್ಕ ಮೊಟ್ಟೆಯೆಲ್ಲ ಇಡೋದಿಲ್ಲ. ಹಿಂದಿನ ಸಲ ಹದ್ದು ಬಂದಾಗ ಮರಿಗಳನ್ನ ರೆಕ್ಕೆ ಕೆಳಗೆ ಎಳಕೊಂಡ ಹ್ಯಾಟೆ ಯಾವುದು, ಮರಿ ಬಿಟ್ಟು ತಾನೇ ಓಡಿದ್ದು ಯಾವುದು, ಎಲ್ಲ ಅವಳ ತಲೆಯಲ್ಲಿದೆ. 21 ದಿನ ಸರಿಯಾಗಿ ಕೂತದ್ದರ ಮೊಟ್ಟೆಗೆ ಮೊದಲ ಜಾಗ. ಬೋಳುಕತ್ತಿನ ಕೋಳಿಯನ್ನ ‘ಇದು ಬಿಸಲು ತಡೀತದ’ ಅಂತ ಉಳಿಸಿಕೊಳ್ತಾಳೆ. ಪುಕ್ಕ ಕಮ್ಮಿ ಇದ್ದರೆ ಮೈಯ ಕಾವು ಬೇಗ ಹೊರಗೆ ಹೋಗುತ್ತೆ ಅನ್ನೋದನ್ನ ತಳಿವಿಜ್ಞಾನದ ಪುಸ್ತಕಗಳೂ ಬರೆದಿವೆ. ಕಷ್ಟ ಇರೋದು ಹುಂಜದ ವಿಷಯದಲ್ಲಿ. ಮಾರಿಹಬ್ಬಕ್ಕೆ, ಬೀಗರ ಊಟಕ್ಕೆ ಮೊದಲು ಹೋಗೋದೇ ಎತ್ತರವಾಗಿ, ಮೈತುಂಬಿಕೊಂಡಿರೋ ಹುಂಜ. ಪ್ರತಿ ವರ್ಷ ಒಳ್ಳೇದನ್ನೇ ಕೊಯ್ದು ಸೊರಗಿದ್ದನ್ನ ಉಳಿಸಿದರೆ ತಳಿ ಏನಾಗುತ್ತೆ ಅಂತ ಊಹಿಸಬಹುದು. ಅದಕ್ಕೇ ಪ್ರತಿ ಕೇರಿಯಲ್ಲೂ ಒಬ್ಬ ಹೆಂಗಸು ಮನೆಮಂದಿ ಹತ್ತಿರ ಜಗಳ ಆಡಿಯಾದರೂ ಒಂದು ಒಳ್ಳೆ ಹುಂಜ ಉಳಿಸ್ಕೊಂಡಿರ್ತಾಳೆ. ಸಾಕವ್ವನನ್ನ ನಾನು ಓದೋದು ಆ ಹೆಂಗಸರ ಸಾಲಿನಲ್ಲಿ.

ಈ ನಾಟಿ ಅನ್ನೋದು ಎಷ್ಟು ‘ಇಲ್ಲಿದು’ ಅನ್ನೋದಕ್ಕೆ ಒಂದು ಸಂಗತಿ ಹೇಳ್ತೀನಿ. ಸಾಕು ಕೋಳಿಯ ಮೂಲ ಕೆಂಪು ಕಾಡುಕೋಳಿ. ಆದರೆ 2008ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಸಂಶೋಧಕರು ಜಗತ್ತಿನ ಕೋಳಿಗಳ ಹಳದಿ ಚರ್ಮ, ಹಳದಿ ಕಾಲಿನ ಜೀನ್ ಬಂದಿರೋದು ಬೂದು ಕಾಡುಕೋಳಿಯಿಂದ ಅಂತ ತೋರಿಸಿದರು. ಬೂದು ಕಾಡುಕೋಳಿ ನಮ್ಮ ದಕ್ಷಿಣ ಭಾರತದ ಹಕ್ಕಿ. ದೇವನೂರಿನಿಂದ ಗುಂಡ್ಲುಪೇಟೆ ದಾಟಿ ಬಂಡೀಪುರದ ರಸ್ತೆಗೆ ಹೋದರೆ ಬೆಳಗಿನ ಹೊತ್ತು ಈಗಲೂ ಕಾಣುತ್ತೆ. ಬ್ರಾಯ್ಲರ್ ಕೋಳಿಯ ಹಳದಿ ಕಾಲಿನಲ್ಲೂ ಈ ಕಡೆಯ ಕಾಡಿನ ಪಾಲಿದೆ ಅಂತಾಯ್ತು.

ಇನ್ನು ಹೆಸರಿರೋ ಕೋಳಿಗಳ ಕಡೆ ಬರೋಣ. ದೇಶದ ಜಾನುವಾರು ತಳಿಗಳನ್ನ ನೋಂದಾಯಿಸೋ ರಾಷ್ಟ್ರೀಯ ಬ್ಯೂರೋ ಹರಿಯಾಣದ ಕರ್ನಾಲಿನಲ್ಲಿದೆ. ಅದರ ಪಟ್ಟಿಯಲ್ಲಿ ಅಸೀಲ್ ಇದೆ, ಕಡಕ್‌ನಾಥ್ ಇದೆ, ಆಂಧ್ರಕ್ಕೂ ಕರ್ನಾಟಕಕ್ಕೂ ಸೇರಿದ್ದು ಅಂತ ಘಾಗಸ್ ಇದೆ. ಅಪರೂಪದ ತಳಿ ಸಾಕಬೇಕು ಅಂತ ಆಸೆಪಡೋ ನನ್ನಂಥ ಐಟಿಯವರು ಮೊದಲು ಹೋಗಿ ನಿಲ್ಲೋದು ಕಡಕ್‌ನಾಥ್ ಮುಂದೆ. ಮಧ್ಯಪ್ರದೇಶದ ಝಾಬುವಾದ ಭಿಲ್ ಜನ ಸಾಕಿಕೊಂಡು ಬಂದ ಕೋಳಿ ಅದು. ಮಾಂಸ, ಮೂಳೆ ಎಲ್ಲ ಕಪ್ಪು. 2018ರಲ್ಲಿ ಝಾಬುವಾದ ಹೆಸರಲ್ಲಿ ಜಿಐ ಸಿಕ್ಕಿತು. ಅಲ್ಲಿನವರಿಗೆ ಅದರಿಂದ ಒಳ್ಳೇದಾಗಲಿ. ಆದರೆ ಝಾಬುವಾದ ಕೋಳಿ ತಂದು ಮೈಸೂರು ಸೀಮೆಯ ತೋಟದಲ್ಲಿ ಬಲೆ ಹಾಕಿ ಸಾಕೋದನ್ನ ‘ದೇಸಿ ತಳಿ ಸಂರಕ್ಷಣೆ’ ಅನ್ನೋದು ನನಗೆ ಒಪ್ಪಿಗೆ ಇಲ್ಲ. ಅದು ಹವ್ಯಾಸ, ಒಳ್ಳೆ ಹವ್ಯಾಸ. ಅದೇ ತೋಟದ ಪಕ್ಕದ ಹಟ್ಟಿಯಲ್ಲಿ ಸಂರಕ್ಷಣೆ ಬೇಕಾದ ಕೋಳಿ ಕೆದರಿಕೊಂಡು ಓಡಾಡ್ತಿರುತ್ತೆ, ಅದಕ್ಕೆ ಪೆಡಿಗ್ರೀ ಇಲ್ಲ ಅಂತ ಯಾರೂ ತಿರುಗಿ ನೋಡಲ್ಲ.

ಕೋಳಿ ಸಾಕೋರ ಮಾತಲ್ಲಿ ‘ಶುದ್ಧ ತಳಿ’, ‘ಕಲಬೆರಕೆ ರಕ್ತ’ ಅನ್ನೋ ಪದಗಳು ಸಲೀಸಾಗಿ ಬರುತ್ವೆ. ತಳಿ ಕಾಪಾಡೋಕೆ ಒಂದು ಮಟ್ಟದ ಕಟ್ಟುನಿಟ್ಟು ಬೇಕು, ಗೊತ್ತು. ಆದರೆ ‘ಒಡಲಾಳ’ ಓದಿದ ಮೇಲೆ ಆ ಪದಗಳು ಕಿವಿಗೆ ಚುಚ್ಚುತ್ವೆ. ಶುದ್ಧ, ಅಶುದ್ಧ ಅನ್ನೋ ಮಾತು ಆ ಕೇರಿಯ ಜನರ ಮೇಲೆ ಏನು ಮಾಡಿದೆ ಅನ್ನೋದು ನಮಗೆ ಗೊತ್ತಿರೋದೇ. ಆ ಕೇರಿಯ ಕೋಳಿ ನಾಲ್ಕು ಬಣ್ಣ, ಮೂರು ಥರದ ಜುಟ್ಟು, ಎರಡು ಥರದ ಕತ್ತು ಇಟ್ಕೊಂಡು ಬದುಕಿರೋದೇ ಬೆರಕೆಯ ಬಲದಿಂದ. ಒಂದು ರೋಗ ಬಂದರೆ ಒಂದೇ ಥರ ಇರೋದೆಲ್ಲ ಒಟ್ಟಿಗೆ ಹೋಗೋ ಅಪಾಯ ಜಾಸ್ತಿ, ನಾಲ್ಕು ಥರ ಇದ್ದರೆ ಒಂದಾದರೂ ಉಳಿದೀತು.

ಹಾಗಾದರೆ ಅಪಾಯ ಎಲ್ಲಿಂದ? ಇಲ್ಲಿ ನಾನು ಗಿರಿರಾಜನ ಹೆಸರು ಎತ್ತಲೇಬೇಕು. 1989ರಲ್ಲಿ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಿಂದ ಹೊರಬಂದ ತಳಿ ಅದು, ಆಮೇಲೆ ಸ್ವರ್ಣಧಾರ ಬಂತು. ಹಿತ್ತಿಲಲ್ಲೇ ಮೇಯೋ, ಬಣ್ಣದ, ದಪ್ಪ ಕೋಳಿ ಕೊಡಬೇಕು ಅನ್ನೋದು ಒಳ್ಳೆ ಉದ್ದೇಶ. ನಾಟಿ ಹ್ಯಾಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಕ್ಕಿದರೆ ಗಿರಿರಾಜ ಅದರ ಎರಡು ಪಟ್ಟು ದಾಟುತ್ತೆ. ಬಡವರ ಮನೆ ಮಕ್ಕಳಿಗೆ ಮೊಟ್ಟೆ ಸಿಗೋದನ್ನ ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ. ಆದರೆ ಒಂದು ಗುಣ ಆ ಸುಧಾರಣೆಯಲ್ಲಿ ಸೋರಿಹೋಗಿದೆ. ನಮ್ಮವ್ವ ಎರಡು ವರ್ಷ ಸಾಕಿ ಹೇಳಿದ್ದು ಒಂದೇ ಮಾತು: ‘ಮೊಟ್ಟ ಇಕ್ತದ ಕನ ಮಗ, ಅವ್ವ ಆಗದಿಲ್ಲ.’

ಕಾವಿಗೆ ಕೂರದ ಕೋಳಿ ಅಂದ್ರೆ ಪ್ರತಿ ಸಲ ಮರಿಗೆ ಹೊರಗೆ ಹೋಗಬೇಕು, ದುಡ್ಡು ಕೊಡಬೇಕು. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ ವರ್ಷಾ ವರ್ಷಾ ಲೈಸೆನ್ಸ್ ರಿನ್ಯೂ ಮಾಡಿಸೋ ಸಾಫ್ಟ್‌ವೇರ್. ನಾಟಿ ಹ್ಯಾಟೆ ಹಾಗಲ್ಲ, ಕಾಪಿ ಮಾಡೋ ಯಂತ್ರ ಅದರೊಳಗೇ ಇದೆ. ಅಕ್ಕನ ಮನೆಯಿಂದ ಸೆರಗಲ್ಲಿ ಕಟ್ಕೊಂಡು ಬಂದ ಹತ್ತು ಮೊಟ್ಟೆ, ಕೂರೋಕೆ ಒಂದು ಹ್ಯಾಟೆ, ಒಂದು ಕುಕ್ಕೆ, ಒಂದಿಷ್ಟು ಹುಲ್ಲು ಇದ್ದರೆ ಆಯ್ತು. ಗಿರಿರಾಜನ ಹುಂಜ ಕೇರಿಯಲ್ಲಿ ಓಡಾಡಿಕೊಂಡಿದ್ದರೆ ನಾಟಿ ಹ್ಯಾಟೆಯ ಮರಿ ದಪ್ಪ ಆಗುತ್ತೆ, ಸಂತೆಯಲ್ಲಿ ನಾಲ್ಕು ಕಾಸು ಹೆಚ್ಚು ಸಿಗುತ್ತೆ, ಎಲ್ಲರಿಗೂ ಖುಷಿ. ನಾಲ್ಕೈದು ತಲೆಮಾರು ಕಳೆದ ಮೇಲೆ ಕಾವು ಕೂರೋ ಹ್ಯಾಟೆ ಹುಡುಕಿಕೊಂಡು ಪಕ್ಕದ ಊರಿಗೆ ಹೋಗಬೇಕಾಗುತ್ತೆ. ಹಿಂಡು ಕಣ್ಣಿಗೆ ಹಾಗೇ ಇರುತ್ತೆ, ತಳಿ ಇರೋದಿಲ್ಲ. ಬೆರಕೆಯನ್ನ ಈಗ ತಾನೆ ಹೊಗಳಿದವನು ಇಲ್ಲಿ ಯಾಕೆ ಕೊರಗ್ತಾನೆ ಅಂತ ಕೇಳಬಹುದು. ಊರೂರಿನ ನಾಟಿಗಳು ಬೆರೆತರೆ ಕಾವು ಕೂರೋ ಗುಣ ಎರಡೂ ಕಡೆ ಇರುತ್ತೆ, ಏನೂ ಕಳೆಯೋದಿಲ್ಲ. ಇಲ್ಲಿ ಕಳೆಯುತ್ತೆ.

2019ರ ಜಾನುವಾರು ಗಣತಿ ಪ್ರಕಾರ ದೇಶದಲ್ಲಿ ಹಿತ್ತಿಲ ಕೋಳಿಗಳು 31.7 ಕೋಟಿ, ಹಿಂದಿನ ಗಣತಿಗಿಂತ ಸುಮಾರು 46% ಹೆಚ್ಚು. ಸಂತೋಷದ ಸುದ್ದಿ ಥರ ಕಾಣುತ್ತೆ. ಆದರೆ ಹಿತ್ತಿಲು ಅನ್ನೋದು ಕೋಳಿಯ ವಿಳಾಸ, ಕೋಳಿಯ ಗುಣ ಅಲ್ಲ. ಅಂಗಡಿಯಲ್ಲಿ ಬಣ್ಣದ ಪುಕ್ಕ ಇದ್ದದ್ದೆಲ್ಲ ‘ನಾಟಿ’ ರೇಟಿಗೆ ಮಾರಾಟ ಆಗೋ ಕಾಲದಲ್ಲಿ ಪದಾನೂ ಸಂಖ್ಯೆನೂ ಇದ್ದು ಹಕ್ಕಿ ಮಾತ್ರ ಕಾಣೆಯಾಗಬಹುದು.

ಇದಕ್ಕೆ ದೊಡ್ಡ ಯೋಜನೆ ಏನೂ ಬೇಕಾಗಿಲ್ಲ. ಒಂದು ಕೇರಿಯಲ್ಲಿ ನಾಲ್ಕು ಮನೆ ಮಾತಾಡಿಕೊಂಡು ನಾಲ್ಕು ಬೇರೆ ಬೇರೆ ನಾಟಿ ಹುಂಜ ಉಳಿಸಿಕೊಂಡರೆ, ಎರಡು ವರ್ಷಕ್ಕೊಮ್ಮೆ ಪಕ್ಕದ ಊರಿನ ಜೊತೆ ಹುಂಜ ಅದಲು ಬದಲು ಮಾಡಿಕೊಂಡರೆ, ಕೊಕ್ಕರೆ ರೋಗಕ್ಕೆ ಹೊತ್ತಿಗೆ ಸರಿಯಾಗಿ ಲಸಿಕೆ ಹಾಕಿಸಿದರೆ ಬಹಳಷ್ಟು ಕೆಲಸ ಆಗುತ್ತೆ. ಮೊಟ್ಟೆಗೆ ಗಿರಿರಾಜ ಬೇಕು ಅನ್ನೋರು ಹ್ಯಾಟೆ ಮಾತ್ರ ಸಾಕಿ, ಅದರ ಹುಂಜಗಳನ್ನ ಕೂಗೋ ವಯಸ್ಸಿಗೆ ಮೊದಲೇ ಸಾರಿಗೆ ಕಳಿಸಲಿ.

ಮತ್ತೆ, ಮುಂದಿನ ಸಲ ಗಣತಿಯವರು ಮನೆ ಬಾಗಿಲಿಗೆ ಬಂದು ಕೋಳಿ ಎಷ್ಟು ಅಂತ ಕೇಳೋವಾಗ ಇನ್ನೆರಡು ಪ್ರಶ್ನೆ ಸೇರಿಸಿಕೊಳ್ಳಲಿ. ಇದರಲ್ಲಿ ಕಾವು ಕೂರೋ ಹ್ಯಾಟೆ ಎಷ್ಟು? ಈ ಹುಂಜ ಯಾರ ಮನೆಯಿಂದ ಬಂತು? ಗಂಡಸರನ್ನ ಕೇಳಿದರೆ ತಲೆ ಕೆರ್ಕೋತಾರೆ. ಒಳಗಿರೋ ಸಾಕವ್ವನನ್ನ ಕರೆದು ಕೇಳಿ, ಮೂರು ತಲೆಮಾರಿನದು ಬರೆಸಿ ಕಳಿಸ್ತಾಳೆ.