ಹೊಳೆ ನೋಡುವ ಕಣ್ಣಲ್ಲೇ ಗಾಳಿಯನ್ನೂ ನೋಡಿ

ಕೊಡಗಿನ ಶ್ರೀಮಂಗಲದ ಕಡೆ ಚಾರಣಕ್ಕೆ ಹೋದವರು ಇರ್ಪು ಜಲಪಾತ ನೋಡದೆ ಬರುವುದು ಕಡಿಮೆ. ಕುಟ್ಟದ ದಾರಿಯಿಂದ ಒಳಹೊಕ್ಕು, ರಾಮೇಶ್ವರ ದೇವಸ್ಥಾನ ದಾಟಿ ನಡೆದರೆ, ಬ್ರಹ್ಮಗಿರಿ ಬೆಟ್ಟದಿಂದ ಇಳಿದ ಲಕ್ಷ್ಮಣತೀರ್ಥ ಹೊಳೆ ಸುಮಾರು 170 ಅಡಿ ಧುಮುಕುತ್ತದೆ. ಎಲ್ಲರೂ ನೀರನ್ನು ನೋಡುತ್ತಾರೆ. ಅದೇ ಕಣ್ಣಿನಿಂದ ಅಲ್ಲಿನ ಗಾಳಿಯನ್ನೂ ನೋಡಿ ಎಂದು ಈ ವಾರ ಒತ್ತಾಯಿಸುತ್ತಿದ್ದೇನೆ.

ಮಳೆಗಾಲದಲ್ಲಿ ವಯನಾಡಿನ ಕಡೆಯಿಂದ ಬರುವ ಮೋಡ ಬ್ರಹ್ಮಗಿರಿಯ ನೆತ್ತಿ ಏರಿ ಈಚೆಗೆ ಜಾರುತ್ತದೆ. ಹೊಳೆಯ ನಡುವಿನ ಬಂಡೆಯನ್ನು ನೀರು ಹಾಯುವ ಬಗೆಯೂ ಅದೇ. ಬಂಡೆಯ ಹಿಂದೆ ನೀರು ಸುಳಿಯುತ್ತದೆ, ಬೆಟ್ಟದ ಹಿಂದೆ ಗಾಳಿ ಸುಳಿಯುತ್ತದೆ. ಕಲ್ಲಿನ ಕಣಗಳು ತಮ್ಮ ಜಾಗ ಬಿಟ್ಟುಕೊಡುವುದಿಲ್ಲ. ನೀರಿನವೂ ಗಾಳಿಯವೂ ಒಂದನ್ನೊಂದು ದಾಟಿ ಸರಿಯುತ್ತವೆ. ಹಾಗಾಗಿ ಎರಡಕ್ಕೂ ಸ್ವಂತ ಆಕಾರವಿಲ್ಲ, ಎರಡೂ ಎಲ್ಲ ದಿಕ್ಕಿಗೂ ಒತ್ತುತ್ತವೆ, ತಮಗಿಂತ ಹಗುರವಾದದ್ದನ್ನು ಮೇಲೆತ್ತುತ್ತವೆ. ಮರದ ದಿಮ್ಮಿ ತೇಲುವುದಕ್ಕೂ ಒಲೆಯ ಹೊಗೆ ಏರುವುದಕ್ಕೂ ಕಾರಣ ಆರ್ಕಿಮಿಡೀಸ್ ಹೇಳಿದ ಒಂದೇ ನಿಯಮ.

ವ್ಯತ್ಯಾಸ ಇರುವುದು ಪ್ರಮಾಣದಲ್ಲಿ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಹತ್ತು ಮೀಟರ್ ಮುಳುಗಿದರೆ ಇನ್ನೊಂದು ವಾಯುಮಂಡಲದಷ್ಟು ಒತ್ತಡ ಮೈಮೇಲೆ ಬೀಳುತ್ತದೆ. ಸಮುದ್ರಮಟ್ಟದಿಂದ ಸಾವಿರ ಮೀಟರ್ ಏರಿದರೂ ಗಾಳಿಯ ಒತ್ತಡ ಇಳಿಯುವುದು ಶೇ 11ರಷ್ಟು ಮಾತ್ರ. ಗಾಳಿಯನ್ನು ಅದುಮಿ ಕುಗ್ಗಿಸಬಹುದು, ನೀರು ಬಹುತೇಕ ಕುಗ್ಗುವುದಿಲ್ಲ.

ನನಗೆ ಅತಿ ಇಷ್ಟವಾದ ದೃಶ್ಯ ಊದುಬತ್ತಿಯದು. ಗಾಳಿಯಾಡದ ಕಡೆ ಅದರ ಹೊಗೆ ಸ್ವಲ್ಪ ದೂರ ನೆಟ್ಟಗೆ ಏರಿ, ಆಮೇಲೆ ಥಟ್ಟನೆ ಚೆದುರಿ ಸುರುಳಿಯಾಗುತ್ತದೆ. 1883ರಲ್ಲಿ ಮ್ಯಾಂಚೆಸ್ಟರಿನ ಆಸ್ಬೋರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯ ನೀರಿಗೆ ಬಣ್ಣದ ಎಳೆ ಬಿಟ್ಟು ಇದನ್ನೇ ಕಂಡರು: ಹರಿವು ನಿಧಾನವಿದ್ದಾಗ ಎಳೆ ನೇರ, ವೇಗ ಮಿತಿ ಮೀರಿದೊಡನೆ ಕಲಕು. ವೇಗ, ಗಾತ್ರ, ಸಾಂದ್ರತೆ, ಸ್ನಿಗ್ಧತೆ (ಅಂಟು) ಈ ನಾಲ್ಕರಿಂದ ಅವರು ಕೊಟ್ಟ ಸಂಖ್ಯೆ ನೀರಿಗೂ ಗಾಳಿಗೂ ಸಮಾನವಾಗಿ ಸಲ್ಲುತ್ತದೆ. ಅದರಲ್ಲೊಂದು ಅಚ್ಚರಿಯಿದೆ. ಗಾಳಿಯ ಅಂಟು ನೀರಿಗಿಂತ ಎಷ್ಟೋ ಕಡಿಮೆ. ಆದರೆ ಸಾಂದ್ರತೆಯಿಂದ ಭಾಗಿಸಿದರೆ ಗಾಳಿಯೇ ಸುಮಾರು 15 ಪಟ್ಟು ಹೆಚ್ಚು ಅಂಟು! ಒಂದೇ ಗಾತ್ರ, ಒಂದೇ ವೇಗವಿದ್ದರೆ ನೀರೇ ಬೇಗ ಕಲಕುತ್ತದೆ.

ಗಾಳಿಯ ಹರಿವು ಕಣ್ಣಿಗೆ ಕಾಣಬೇಕಾದರೆ ಶ್ರೀಮಂಗಲದ ಕಡೆ ಜನವರಿಯಲ್ಲಿ ಹೋಗಿ. ಮೋಡವಿಲ್ಲದ ರಾತ್ರಿ ಕಾಫಿ ತೋಟದ ಇಳಿಜಾರಿನಲ್ಲಿ ತಣಿದ ಗಾಳಿ ಭಾರವಾಗಿ ಗದ್ದೆಯ ಬಯಲಿಗೆ ಇಳಿದು ನಿಲ್ಲುತ್ತದೆ. ಬೆಳಗ್ಗೆ ಅಲ್ಲಿ ಮಂಜು ಕಟ್ಟಿರುತ್ತದೆ, ಅದರ ಮೇಲ್ಮೈ ಕೆರೆಯಷ್ಟು ಸಮ. ಬಿಸಿಲೇರುವ ಮೊದಲೇ ತುಸು ಎತ್ತರದ ಜಾಗ ಹಿಡಿಯಿರಿ. ಬ್ರಹ್ಮಗಿರಿ ಏರಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮಂಜು ನೋಡಲು ಅಷ್ಟು ದೂರ ಹೋಗಬೇಕಿಲ್ಲ, ಗದ್ದೆಯ ಮೇಲಿನ ಯಾವ ರಸ್ತೆಯಾದರೂ ಸಾಕು.