ಬುಲೆಟ್ಟಿನ ಫೋರ್ಕ್ ಕೂಡಿಸುವ ಕೈ

ಇಂಗ್ಲೆಂಡಿನ ರೆಡ್ಡಿಚ್‌ನ ರಾಯಲ್ ಎನ್‌ಫೀಲ್ಡ್ ಬುಲೆಟ್ 1955ರಲ್ಲಿ ಮದರಾಸಿಗೆ ಬಂತು. ಇಂಗ್ಲೆಂಡಿನ ಕಾರ್ಖಾನೆ ಮುಚ್ಚಿದ ಮೇಲೂ ಇಲ್ಲಿ ಅದೇ ಮೂಲ ವಿನ್ಯಾಸ ದಶಕಗಳ ಕಾಲ ನಡೆಯಿತು. ಆದ್ದರಿಂದಲೇ ಹಳೆಯ ಗಾಡಿಯ ಮುಂದಿನ ಫೋರ್ಕಿಗೆ ಈಚಿನ ಮಾಡೆಲ್ಲಿನ ಭಾಗ ಹೊಂದಿಸುವ ಕಸುಬು ಇನ್ನೂ ಜೀವಂತವಾಗಿದೆ.

ಹೊರಗಿನಿಂದ ಒಂದೇ ಥರ ಕಂಡರೂ ಎಲ್ಲ ಭಾಗವೂ ಕೂಡುವುದಿಲ್ಲ. ಪೈಪಿನ ದಪ್ಪ, ಹೆಡ್‌ಲೈಟ್ ಗೂಡಿಗೆ ಸೇರುವ ತುದಿಯ ಥ್ರೆಡ್, ಆಯಿಲ್ ಸೀಲಿನ ಅಳತೆ, ಆಕ್ಸಲ್ ಕೂರುವ ಜಾಗ ಎಲ್ಲ ತಾಳೆಯಾಗಬೇಕು. ಡ್ರಮ್ ತೆಗೆದು ಡಿಸ್ಕ್ ಬ್ರೇಕ್ ಹಾಕುವುದಾದರೆ ಕ್ಯಾಲಿಪರ್ ಹಿಡಿಯುವ ಕಿವಿಯಿರುವ, ಫೋರ್ಕಿನ ಕೆಳಗಿನ ಕಾಲೇ ಬೇಕು.

ಬಲ್ಲ ಮೇಸ್ತ್ರಿ ಮೊದಲು ಅಳತೆಗೆ ವರ್ನಿಯರ್ ಹಿಡಿಯುತ್ತಾನೆ. ಪೈಪನ್ನು ಗಾಜಿನ ಮೇಲೆ ಉರುಳಿಸಿ ಬಾಗು ಹುಡುಕುತ್ತಾನೆ. ಎರಡೂ ಕಾಲಿಗೆ ಸಮನಾಗಿ ಆಯಿಲ್ ಸುರಿಯುತ್ತಾನೆ. ಆಕ್ಸಲ್ ಬಿಗಿಯುವ ಮುನ್ನ ಹ್ಯಾಂಡಲ್ ಒತ್ತಿ ಫೋರ್ಕನ್ನು ಕುಣಿಸಿ, ಕಾಲುಗಳು ತಾವೇ ನೇರವಾಗಲು ಬಿಡುತ್ತಾನೆ.

ಚಿತ್ರದುರ್ಗ, ಹಿರಿಯೂರಿನ ಹೆದ್ದಾರಿಯ ವೇಗಕ್ಕೂ ಹೊಸದುರ್ಗ, ಹೊಳಲ್ಕೆರೆಯ ಹಳ್ಳಿದಾರಿಯ ಗುಂಡಿಗೂ ಮೊದಲು ಎದೆಯೊಡ್ಡುವುದು ಈ ಫೋರ್ಕೇ. ಸವಾರನ ಜೀವ ಅದರ ಮೇಲಿದೆ. ಹಳೆಯದನ್ನು ಗುಜರಿಗೆ ಹಾಕದೆ, ಅಳತೆಯಲ್ಲಿ ಒಂದು ಕೂದಲೆಳೆಯೂ ರಾಜಿಯಾಗದೆ ಓಡುವಂತೆ ಮಾಡುವವರು ನಮ್ಮೆಲ್ಲರ ಗೌರವಕ್ಕೆ ಅರ್ಹರು.