ಹಸಿರು ಟಿಕ್ಕಿನ ಕೀರ್ತಿ

ಹುಮನಾಬಾದ್, ಬಸವಕಲ್ಯಾಣದ ಆನ್‌ಲೈನ್ ಅಂಗಡಿಗಳಲ್ಲಿ ಇ-ಆಧಾರ್ ಪ್ರಿಂಟಿಗೆ ಬಂದವರಿಗೆ ಕಲರ್ ಬರಬೇಕು, ಡಿಜಿಟಲ್ ಸಹಿಯ ಜಾಗದಲ್ಲಿ ಹಸಿರು ಟಿಕ್ಕೂ ಇರಬೇಕು. ಹಳದಿ ಪ್ರಶ್ನೆಚಿಹ್ನೆ ಇದ್ದರೆ ಕಚೇರಿಯಲ್ಲಿ ಕಾಗದ ವಾಪಸ್ ಬಂದೀತೆಂಬ ಅಂಜಿಕೆ. ಡಿಜಿಟಲ್ ಸಹಿ ಜನರ ಕೈಗೆ ಬಂದದ್ದೇ ಈ ಟಿಕ್ಕಿನ ರೂಪದಲ್ಲಿ. ನನ್ನ ಮಟ್ಟಿಗೆ ಅದರ ಕೀರ್ತಿ ಪೂರಾ ಪೊಳ್ಳು.

ಟಿಕ್ ಹುಟ್ಟುವ ಬಗೆ ನೋಡಿ. ಸಹಿಯ ಹಿಂದಿರುವ ಮೂಲ ಪ್ರಮಾಣಪತ್ರ ತನ್ನ ನಂಬಿಕಸ್ತರ ಪಟ್ಟಿಯಲ್ಲಿ ಸಿಗದಿದ್ದರೆ ಅಡೋಬಿ ರೀಡರ್ 'ವ್ಯಾಲಿಡಿಟಿ ಅನ್‌ನೋನ್' ಎನ್ನುತ್ತದೆ. ಪ್ರಾಮಾಣಿಕ ಮಾತು. ಅದಕ್ಕೆ ಆಧಾರ್ ಪ್ರಾಧಿಕಾರ ಹೇಳಿಕೊಟ್ಟ ಮದ್ದು: ರೈಟ್ ಕ್ಲಿಕ್ ಮಾಡಿ, ಸಿಗ್ನೇಚರ್ ಪ್ರಾಪರ್ಟೀಸ್‌ಗೆ ಹೋಗಿ, ಸರ್ಟಿಫಿಕೇಟ್ ತೆರೆಯಿರಿ, ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿಯ ಹೆಸರು ಕಂಡರೆ 'ಆ್ಯಡ್ ಟು ಟ್ರಸ್ಟೆಡ್ ಐಡೆಂಟಿಟೀಸ್' ಒತ್ತಿ, ಮತ್ತೆ ವ್ಯಾಲಿಡೇಟ್ ಮಾಡಿ. ಟಿಕ್ ಹಸಿರಾಗುತ್ತದೆ. ಆಗದೆ ಏನು, ನಂಬು ಎಂದು ಅದಕ್ಕೆ ಹೇಳಿದವರು ನಾವೇ! ಇಷ್ಟರಲ್ಲಿ ಸಹಿ ಯಾರದೆಂಬುದಕ್ಕೆ ಪರೀಕ್ಷೆಯಾದದ್ದು ಹೆಸರೊಂದೇ. ಅದೂ ಫೈಲ್ ತಾನೇ ಹೊತ್ತು ತಂದ ಹೆಸರು. ಯಾವ ಪುಂಡನಾದರೂ ಮನೆಯಲ್ಲಿ ಕೂತು ಪ್ರಮಾಣಪತ್ರ ಸೃಷ್ಟಿಸಿ ಅದಕ್ಕೆ ಎನ್‌ಐಸಿ ಎಂದು ಹೆಸರಿಡಬಹುದು. ಪ್ರಮಾಣಪತ್ರದ ಫಿಂಗರ್‌ಪ್ರಿಂಟನ್ನು, ಅಂದರೆ ಅದಕ್ಕೇ ಮೀಸಲಾದ ಗುರುತಿನ ಅಂಕೆಯನ್ನು, ಬೇರೆ ಕಡೆಯಿಂದ ತಂದು ತಾಳೆ ನೋಡಿದ್ದರೆ ಈ ಕಸರತ್ತಿಗೆ ಅರ್ಥವಿತ್ತು. ಅದಿಲ್ಲದೆ ಆರೋಪಿಯೇ ತನ್ನ ಜಾಮೀನಿಗೆ ನಿಂತ ಹಾಗಾಯಿತು. ಸಾಲದ್ದಕ್ಕೆ, 'ಟ್ರಸ್ಟ್' ಒತ್ತಿದ್ದು ಅಂಗಡಿಯ ಕಂಪ್ಯೂಟರಿನಲ್ಲಿ, ಪ್ರಿಂಟ್ ಹೋಗುವುದು ಬೇರೆಯವರ ಮೇಜಿಗೆ. ಕಾಗದದ ಮೇಲಿನ ಟಿಕ್ ಬರೀ ಇಂಕು.

ಸಹಿಯಾದ ಮೇಲೆ ಫೈಲ್ ತಿದ್ದಿದ್ದರೆ ರೀಡರ್ ಹಿಡಿಯುತ್ತದೆ, ಒಪ್ಪೋಣ. ಆಧಾರ್‌ನ ಕ್ಯೂಆರ್‌ನಲ್ಲೂ ಡಿಜಿಟಲ್ ಸಹಿ ಇದೆ. ಪ್ರಾಧಿಕಾರದ ಸ್ಕ್ಯಾನರ್ ಆ್ಯಪ್ ಹಿಡಿದರೆ ಪ್ರಿಂಟಿನ ಮೇಲೂ ತಾಳೆಯಾಗುತ್ತದೆ. ಟಿಕ್ಕಿನ ಮೋಹದಲ್ಲಿ ಅದನ್ನು ಕೇಳುವವರಿಲ್ಲ. ಬ್ರೌಸರಿನಲ್ಲಿ ವಿಳಾಸದ ಪಕ್ಕದ ಬೀಗದ ಚಿಹ್ನೆಯದ್ದೂ ಇದೇ ಹಣೆಬರಹ. ಅದು ಹೇಳುತ್ತಿದ್ದದ್ದು ಸಂಪರ್ಕ ಗುಪ್ತವಾಗಿದೆ ಎಂದಷ್ಟೇ. ಎದುರಿನವನು ಸಾಚಾ ಎಂದಲ್ಲ. ಗೂಗಲ್‌ನ 2021ರ ಅಧ್ಯಯನದಲ್ಲಿ ಅದರ ಅರ್ಥ ಸರಿಯಾಗಿ ತಿಳಿದವರು ಶೇ. 11 ಮಾತ್ರ. 2023ರಲ್ಲಿ ಕ್ರೋಮ್ ಬೀಗವನ್ನೇ ತೆಗೆಯಿತು. 'ಬೀಗ ನೋಡಿ ವ್ಯವಹರಿಸಿ' ಎಂಬ ಬುದ್ಧಿಮಾತು ಮಾತ್ರ ನಿಂತಿಲ್ಲ.

ಬ್ರೌಸರ್‌ಗಳ ನಂಬಿಕಸ್ತರ ಪಟ್ಟಿಯ ಬಗ್ಗೆ ನಮ್ಮ ಸ್ವದೇಶಿ ವಿಮರ್ಶಕರ ವಾದ ಬೇರೆ. ಭಾರತದ ಮೂಲ ಪ್ರಮಾಣಪತ್ರವನ್ನು ವಿದೇಶಿ ಬ್ರೌಸರ್‌ಗಳು ಬೇಕೆಂದೇ ಹೊರಗಿಟ್ಟಿವೆಯಂತೆ. ಅದನ್ನು ಒಳಗೊಂಡ ಸ್ವಂತ ಬ್ರೌಸರಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ಸ್ಪರ್ಧೆ ಇಟ್ಟಿತು. 2025ರಲ್ಲಿ ಜೋಹೊ ಕಂಪನಿ ಗೆದ್ದಿತು. ಸಂತೋಷ. ಆದರೆ 2014ರ ಜುಲೈ ಬಗ್ಗೆ ಇವರು ಬಾಯಿ ಬಿಡುವುದಿಲ್ಲ. ಗೂಗಲ್, ಯಾಹೂ ವಿಳಾಸಗಳಿಗೆ ಅನಧಿಕೃತ ಪ್ರಮಾಣಪತ್ರ ಹೊರಬಿದ್ದದ್ದು ಇದೇ ಎನ್‌ಐಸಿಯಿಂದ. ಅದರ ಪ್ರಮಾಣಪತ್ರಗಳನ್ನು ರದ್ದು ಮಾಡಿದವರು ನಮ್ಮದೇ ಸರ್ಕಾರದ ಪ್ರಮಾಣೀಕರಣ ನಿಯಂತ್ರಕರು. ಆಮೇಲೆ ಕ್ರೋಮ್ ನಮ್ಮ ಮೂಲ ಪ್ರಮಾಣಪತ್ರವನ್ನು ಕೆಲವೇ ವಿಳಾಸಗಳಿಗೆ ಕಟ್ಟಿಹಾಕಿತು. ಇನ್ನು ಹೊರಗಿನವರ ಹಗೆತನದ ಮಾತು: ಬೆಂಗಳೂರಿನ ಇಮುದ್ರಾ ಸಂಸ್ಥೆಯ ಎಂಸೈನ್ ಮೂಲ ಪ್ರಮಾಣಪತ್ರವನ್ನು ಫೈರ್‌ಫಾಕ್ಸ್ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ.